ಮಗಳು ತರಿಸಿದ ಅಹಿಂಸೆಯ ಸೀರೆ

ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರು ರೇಷ್ಮೆ ಸೀರೆಯನ್ನು ಬರೀ ಕಣ್ಣಿನಲ್ಲಿ ನೋಡಿ ಕೊಂಡುಕೊಳ್ಳುವುದಿಲ್ಲ. ಸೆರಗಿನ ಕೊನೆಯಿಂದ ಒಂದೆಳೆ ಎಳೆದು, ಬೆಂಕಿಗೆ ಹಿಡಿದು, ಮೂಗಿನ ಹತ್ತಿರ ತಂದು ಆಮೇಲೆ ಕೊಳ್ಳುತ್ತಾರೆ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಉಂಡೆಕಟ್ಟಿದರೆ ಅಂಗಡಿಯವನ ಜೊತೆ ಜಗಳ. ಅಂಗಡಿಯವರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ತಾವೇ ಬೆಂಕಿಪೊಟ್ಟಣ ಮುಂದಿಡುವವರನ್ನೂ ನಾನು ನೋಡಿದ್ದೇನೆ.

ಇಂಥ ಊರಿನವಳಾದ ನನ್ನ ಮುಂದೆ ನನ್ನ ಮಗಳು ತನ್ನ ಮದುವೆಯ ರೇಷ್ಮೆ ಸೀರೆಯನ್ನು ಫೋನಿನಲ್ಲಿ ನೋಡಿ ತರಿಸುತ್ತೇನೆ ಅಂದಳು. ನನಗೆ ಸಿಟ್ಟು ಬರಲಿಲ್ಲ, ಮುಜುಗರವಾಯಿತು. ನಾಳೆ ಶಿಡ್ಲಘಟ್ಟದ ನೆಂಟರು ಸೀರೆ ಎಲ್ಲಿಯದು ಅಂತ ಕೇಳುತ್ತಾರೆ. ಕೇಳದೆ ಬಿಡುವ ಜನವಲ್ಲ. ಆಗ ಕೊರಿಯರಿನವನು ತಂದುಕೊಟ್ಟ ಅಂತ ಹೇಳಬೇಕು.

ನಾನು ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ಚಿಕ್ಕಬಳ್ಳಾಪುರದಲ್ಲಿ. ಮಗಳು ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾ ಅಲ್ಲೇ ರೂಮು ಮಾಡಿಕೊಂಡಿದ್ದಳು, ಶನಿವಾರ ಸಂಜೆ ಮನೆಗೆ ಬರುತ್ತಿದ್ದಳು. ನನ್ನ ಗಂಡ ಚೌಲ್ಟ್ರಿ, ಅಡುಗೆಯವರು, ಶಾಮಿಯಾನ ಇಷ್ಟನ್ನು ನೋಡಿಕೊಳ್ಳುತ್ತಿದ್ದರು. ಸೀರೆಯ ವಿಷಯಕ್ಕೆ ತಲೆ ಹಾಕುವಷ್ಟು ದಡ್ಡರಲ್ಲ. ಇನ್ನು ನಮ್ಮ ಜೊತೆ ಇದ್ದವಳು ನಮ್ಮಮ್ಮ.

ನಮ್ಮಮ್ಮ ಶಿಡ್ಲಘಟ್ಟದಲ್ಲಿ ಒಬ್ಬ ಸಾಹೇಬರ ಘಟಕದಲ್ಲಿ ಕೈ ಸೋಲುವವರೆಗೂ ನೂಲು ಬಿಚ್ಚಿದವಳು. ಗೂಡನ್ನು ಕುದಿನೀರಿಗೆ ಹಾಕುತ್ತಾರೆ. ಒಳಗಿನ ಹುಳ ಬೇಯುತ್ತದೆ, ಹೊರಗಿನ ಎಳೆ ಸಡಿಲವಾಗುತ್ತದೆ. ಆ ಎಳೆಯ ತುದಿ ಹಿಡಿದು ಚರಕಕ್ಕೆ ಸುತ್ತುತ್ತಾ ಹೋಗುವುದೇ ಬಿಚ್ಚಾಣಿಕೆ. ದಿನವಿಡೀ ಬಿಸಿನೀರಿನಲ್ಲಿ ಕೈ. ಅವಳ ಬೆರಳ ತುದಿ ಯಾವಾಗಲೂ ಬೆಳ್ಳಗೆ ನೆನೆದು ಸುಕ್ಕಾಗಿರುತ್ತಿತ್ತು. ಅವಳು ಮನೆಗೆ ಬಂದರೆ ಬೆಂದ ಹುಳದ ವಾಸನೆಯೂ ಹಿಂದೆಯೇ ಬರುತ್ತಿತ್ತು, ನಮಗೆ ಅದೇ ಅಮ್ಮನ ವಾಸನೆ. ಇವತ್ತು ನಾನು ಮಕ್ಕಳಿಗೆ ರೇಷ್ಮೆಹುಳದ ಜೀವನಚಕ್ರ ಹೇಳಿಕೊಡುವಾಗ ಚಾರ್ಟಿನಲ್ಲಿ ಮೊಟ್ಟೆ, ಹುಳ, ಗೂಡು, ಚಿಟ್ಟೆ ಎಂದು ಬಾಣದ ಗುರುತು ಹಾಕಿರುತ್ತದೆ. ರೇಷ್ಮೆಯ ಊರಿನಲ್ಲೇ ಬೆಳೆದ ನಾನು ಆ ಚಿಟ್ಟೆಯನ್ನು ಮೊದಲು ನೋಡಿದ್ದು ಚಾರ್ಟಿನಲ್ಲಿಯೇ.

ನಮ್ಮದು ಬುದ್ಧನನ್ನು ನಂಬಿದ ಮನೆ. ನಮ್ಮಪ್ಪ ದೀಕ್ಷೆ ತೆಗೆದುಕೊಂಡಾಗ ನಾನು ಚಿಕ್ಕವಳು. ಬುದ್ಧನನ್ನು ನಂಬುವುದಕ್ಕೂ ಕೋಳಿ ಸಾರು ಮಾಡುವುದಕ್ಕೂ ನಮ್ಮಲ್ಲಿ ಯಾವತ್ತೂ ತಕರಾರು ಬಂದಿರಲಿಲ್ಲ. ತಕರಾರು ತಂದವಳು ಮಗಳು. ಎಲ್ಲೋ ಧ್ಯಾನದ ಶಿಬಿರಕ್ಕೆ ಹೋಗಿಬಂದವಳು ಮೊದಲು ಕೋಳಿ ಬಿಟ್ಟಳು, ಆಮೇಲೆ ಮೊಟ್ಟೆ, ಆಮೇಲೆ ರೇಷ್ಮೆ. ಕೋಳಿ ಬಿಟ್ಟಾಗ ಪಾಲು ಹೆಚ್ಚಾಯಿತು ಅಂತ ಅವಳಪ್ಪ ಸುಮ್ಮನಿದ್ದರು. ರೇಷ್ಮೆ ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಅವಳು ಕಾಲೇಜಿಗೆ ಉಡುತ್ತಿದ್ದದ್ದು ಕಾಟನ್ನೇ. ಮದುವೆಯ ಮಾತು ಬಂದಾಗ ಗೊತ್ತಾಯಿತು. ನಮ್ಮ ಪದ್ಧತಿಯಲ್ಲಿ ಹುಡುಗಿ ಬಿಳಿ ಸೀರೆ ಉಡಬೇಕು. ಬಿಳಿ ರೇಷ್ಮೆ ಅವಳಿಗೂ ಆಸೆ. ಹುಳ ಸಾಯಬಾರದು, ಅದೂ ಆಸೆ.

ಎರಡೂ ಆಸೆಯನ್ನು ಒಟ್ಟಿಗೆ ತೀರಿಸುವವರು ಫೋನಿನಲ್ಲಿ ಸಿಕ್ಕರು. ಅಹಿಂಸಾ ರೇಷ್ಮೆಯಂತೆ. ಚಿಟ್ಟೆ ಗೂಡು ಕೊರೆದು ಹಾರಿಹೋದ ಮೇಲೆ, ಉಳಿದ ಗೂಡಿನಿಂದ ನೂಲು ತೆಗೆಯುತ್ತಾರಂತೆ. ಆ ಪೇಜಿನಲ್ಲಿ ‘ನಮ್ಮ ಕಥೆ’ ಅಂತ ಒಂದು ಭಾಗವಿತ್ತು. ಮಂಚೇನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಅಜ್ಜಿಯಂದಿರು ಬೆಟ್ಟದ ತಪ್ಪಲಿನಲ್ಲಿ ಕೂತು, ಹಕ್ಕಿಗಳ ಕಲರವದ ನಡುವೆ, ಪೂರ್ವಜರಿಂದ ಬಂದ ವಿದ್ಯೆಯಿಂದ ಈ ನೂಲು ತೆಗೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಕೆಳಗೆ ಚರಕದ ಮುಂದೆ ಕೂತ ಒಬ್ಬ ಹೆಂಗಸಿನ ಫೋಟೋ. ಒಂದು ಎಲೆಯ ಗುರುತು ಇರುವ ಸರ್ಟಿಫಿಕೇಟು, ಅದನ್ನು ಕೊಟ್ಟವರು ಯಾರು ಅಂತ ಮಾತ್ರ ಓದಲಾಗದಷ್ಟು ಸಣ್ಣ ಅಕ್ಷರ. ಹಳ್ಳಿಯ ಹೆಸರನ್ನೂ ಹಾಕಿದ್ದರು. ನಾನಿಲ್ಲಿ ಬರೆಯುವುದಿಲ್ಲ, ಆ ಊರಿನದೇನೂ ತಪ್ಪಿಲ್ಲ.

ಮಗಳು ಇದನ್ನೆಲ್ಲ ನನಗೆ ಓದಿ ಹೇಳುತ್ತಿದ್ದಾಗ ನಮ್ಮಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಅದಕ್ಕೇನೋ ಹೆಸರು ಹೇಳ್ದಲ್ಲಮ್ಮ, ಏನದು?”

“ಅಹಿಂಸಾ ರೇಷ್ಮೆ ಅಜ್ಜಿ.”

“ಹಂಗಾದ್ರೆ ನಾನು ತೆಗೀತಿದ್ನಲ್ಲ, ಅದಕ್ಕೇನಂತಾರೆ?”

ಮಗಳು ಫೋನು ಕೆಳಗಿಟ್ಟಳು. ಅಜ್ಜಿಯನ್ನು ನೋಯಿಸಬೇಕು ಅಂತ ಅವಳ ಮನಸ್ಸಿನಲ್ಲಿ ಇರಲಿಲ್ಲ, ಅಷ್ಟು ನನಗೆ ಗೊತ್ತು. ಆದರೆ ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳುವ ಹಾಗಿರಲಿಲ್ಲ. ನಾನು ಎದ್ದು ಹೋಗಿ ಕುಕ್ಕರ್ ನೋಡಿದೆ. ಕುಕ್ಕರ್ ಇಟ್ಟೇ ಇರಲಿಲ್ಲ.

ಎರಡು ದಿನ ಬಿಟ್ಟು ಅಮ್ಮ ನನಗೆ ಹೇಳಿದಳು: “ಮದ್ವೇಲಿ ನೆರಿಗೆ ಹಿಡಿಯೋಕೆ ಬೇರೆ ಯಾರನ್ನಾದ್ರೂ ಕರ್ಕೊ ಕಣೇ. ನನ್ ಕೈ ನಡುಗುತ್ತೆ.” ನಮ್ಮ ಮನೆಯಲ್ಲಿ ಮದುವೆ ಹುಡುಗಿಗೆ ಸೀರೆ ಉಡಿಸುವುದು ಅಜ್ಜಿಯೇ. ನನಗೆ ನನ್ನಜ್ಜಿ ಉಡಿಸಿದ್ದಳು. ಅಮ್ಮನ ಕೈ ನಡುಗುತ್ತಿರಲಿಲ್ಲ. ಆವತ್ತು ಬೆಳಿಗ್ಗೆಯೇ ಸೂಜಿಗೆ ದಾರ ಪೋಣಿಸಿದ್ದಳು.

ನನಗೆ ಸೀರೆಯ ಚಿಂತೆ ಇರಲಿಲ್ಲ. ನಮ್ಮನ್ನು ಓದಿಸಿದ ಆ ಕೈಗಳು ಮೊಮ್ಮಗಳ ಮದುವೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಮಡಿಲ ಮೇಲೆ ಸುಮ್ಮನೆ ಕೂತುಬಿಡುತ್ತವೆ ಅಂತ ಭಯವಾಯಿತು. ಅಮ್ಮ ಹೋಗಿ ಮೊಮ್ಮಗಳಿಗೆ ಹೇಳುವುದಿಲ್ಲ, ಮೊಮ್ಮಗಳು ಬಂದು ಅಜ್ಜಿಯನ್ನು ಕೇಳುವುದಿಲ್ಲ, ಮಧ್ಯದಲ್ಲಿ ಒಂದು ಬಿಳಿ ಸೀರೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಆ ಮಾರುವವರು ಸುಳ್ಳರು ಅಂತ ಸಾಬೀತಾದರೆ ಮಗಳು ತಾನಾಗೇ ಸೀರೆ ಬೇಡ ಅನ್ನುತ್ತಾಳೆ. ಕಾಟನ್ ಉಡುತ್ತಾಳೆ. ಅಹಿಂಸೆಯ ಮಾತೇ ಮನೆಯಿಂದ ಹೋಗುತ್ತದೆ.

ಮೊದಲು ಆ ಪೇಜಿನಲ್ಲೇ ಸಂದೇಶ ಕಳಿಸಿದೆ. ಚಿಟ್ಟೆ ಹೊರಗೆ ಬಂದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ, ಅದನ್ನು ಹತ್ತಿಯ ಹಾಗೆ ನೂಲಬೇಕು, ಬಿಚ್ಚುವುದಕ್ಕೆ ಆಗುವುದಿಲ್ಲ. ನಿಮ್ಮ ಫೋಟೋದಲ್ಲಿರುವ ಸೀರೆ ಇಷ್ಟು ನುಣುಪಾಗಿ ಹೊಳೆಯುತ್ತಿದೆಯಲ್ಲ, ಹೇಗೆ? ತಕ್ಷಣ ಉತ್ತರ ಬಂತು. “ಹಾಯ್ ಡಿಯರ್! ನಮ್ಮ ಪ್ರತಿಯೊಂದು ಸೀರೆಯೂ ಪ್ರೀತಿಯಿಂದ ತಯಾರಾಗುತ್ತದೆ.” ಕೊನೆಗೊಂದು ಹೃದಯದ ಗುರುತು. ಪ್ರೀತಿಯ ಬಗ್ಗೆ ನನ್ನ ಆಕ್ಷೇಪಣೆ ಇರಲಿಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸಿದೆ. ಈ ಸಲ ಡಿಯರ್ ಜೊತೆಗೆ ಕೂಪನ್ ಕೋಡು ಬಂತು.

ಸರಿ, ಹಳ್ಳಿಯೇನು ಕಾಶಿಯಲ್ಲಿದೆಯೇ, ಹೋಗಿ ನೋಡಿಯೇ ಬಿಡೋಣ ಅಂದುಕೊಂಡೆ. ಮಗಳು ಊರಿಗೆ ಬಾರದ ಒಂದು ಭಾನುವಾರ ಹೊರಟು ನಿಂತಾಗ ಅಮ್ಮನೂ ಚಪ್ಪಲಿ ಮೆಟ್ಟಿಕೊಂಡಳು.

“ನಾನೂ ಬರ್ತೀನಿ. ಹುಳ ಸಾಯ್ದೆ ಹೆಂಗೆ ತೆಗೀತಾರೆ ನೋಡಣ.”

ನನ್ನ ಹಾಗೆ ಇವಳಿಗೂ ಅವರ ಬಣ್ಣ ಬಯಲು ಮಾಡುವ ಹುರುಪು ಬಂದಿದೆ ಅಂದುಕೊಂಡೆ. ಮಂಚೇನಹಳ್ಳಿವರೆಗೆ ಬಸ್ಸು, ಅಲ್ಲಿಂದ ಆಟೋ. ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹಳ್ಳಿಯಲ್ಲಿ ಬೆಟ್ಟವಿತ್ತು, ಹಕ್ಕಿಗಳೂ ಇದ್ದವು. ಅಷ್ಟರಮಟ್ಟಿಗೆ ಅವರ ಕಥೆ ನಿಜ. ಅರಳಿಕಟ್ಟೆಯ ಮೇಲೆ ಕೂತಿದ್ದವರಿಗೆ ಫೋಟೋ ತೋರಿಸಿದೆ. ಅವರು ನೋಡಿ ನಕ್ಕು, ಸೇವಂತಿಗೆ ತೋಟದ ಪಕ್ಕದ ಮನೆ ತೋರಿಸಿದರು.

ಬಾಗಿಲಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ತೆಲುಗಿನಲ್ಲಿ “ಏಮ್ಮಾ, ಎವರು ಕಾವಾಲ?” ಅಂತ ಕೇಳಿದಳು. ಯಾರು ಬೇಕು ಅಂತ ಹೇಳುವ ಅಗತ್ಯ ಬೀಳಲಿಲ್ಲ. ಫೋನಿನಲ್ಲಿದ್ದ ಮುಖವೇ ನಮ್ಮ ಮುಂದಿತ್ತು. ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕನ್ನಡಕ್ಕೆ ಬಂದಳು.

“ಅಯ್ಯೋ, ಇದು ನಾನೇ ಕಣಮ್ಮ. ಎಷ್ಟು ಚೆನ್ನಾಗಿ ಬಂದಿದೀನಿ.”

“ನೀವು ನೂಲು ತೆಗೀತೀರಾ?”

“ನಾವೆಲ್ಲಿ ತೆಗೀತೀವಮ್ಮ, ನಮ್ದು ಹೂವಿನ್ ಕೆಲ್ಸ. ಬೆಟ್ಟ ಹತ್ತೋಕೆ ಅಂತ ಒಂದಷ್ಟು ಜನ ಬಂದಿದ್ರು. ಅಜ್ಜಿ ಒಂದ್ ಫೋಟೋ ತೆಕ್ಕೊಳ್ಳಣ ಅಂದ್ರು. ಚರಕ ಕಾರಲ್ಲೇ ತಂದಿದ್ರು, ಕಾರಲ್ಲೇ ತಗೊಂಡ್ಹೋದ್ರು.”

“ಈ ಸೀರೆ?”

“ಅದೂ ಅವ್ರದೇ. ನಾನು ಉಟ್ಟಿದ್ದು ಪಾಲಿಸ್ಟರ್, ಫೋಟೋಗೆ ಆಗಲ್ಲ ಅಂದ್ರು. ಹೊಸಾದಿರಬೇಕೇನೋ ಅಂತ ನಾನು ರೇಷ್ಮೆ ತರ್ತೀನಿ ಅಂದೆ. ಬೇಡಜ್ಜಿ, ಹಳೇದಾಗಿ ಕಾಣ್ಬೇಕು ಅಂತ ಇದನ್ನ ಕೊಟ್ರು.”

ಪೇಜಿನಲ್ಲಿ ಅವಳಿಗೆ ಬೇರೊಂದು ಹೆಸರಿಟ್ಟಿದ್ದರು. ಓದಿ ಹೇಳಿದೆ. ಅದು ತನ್ನ ಓರಗಿತ್ತಿಯ ಹೆಸರು, ಅವಳಿಗೆ ಗೊತ್ತಾದರೆ ಬೀಗುತ್ತಾಳೆ, ಹೇಳಬೇಡಿ ಅಂದಳು. ಕಾಫಿ ಕೊಟ್ಟಳು, ಒಂದು ಮಾರು ಸೇವಂತಿಗೆಯನ್ನೂ ಕೊಟ್ಟಳು. ಮೋಸಹೋದವಳ ಯಾವ ಲಕ್ಷಣವೂ ಅವಳಲ್ಲಿ ಕಾಣಲಿಲ್ಲ. ನಾನಂತೂ ಗೆದ್ದ ಖುಷಿಯಲ್ಲಿದ್ದೆ. ಅಮ್ಮ ಮಾತ್ರ ಅವಳನ್ನು ಇನ್ನೊಂದು ಸಲ ಕೇಳಿದಳು: “ಈ ಸುತ್ತಮುತ್ತ ಬೇರೆ ಯಾರೂ ಹಂಗೆ ತೆಗೆಯಲ್ವಾ? ಹುಳ ಹಾರಿಹೋಗೋಕೆ ಬಿಟ್ಟು?” ಇಲ್ಲ ಅಂದಳು. ವಾಪಸು ಬರುವಾಗ ಅಮ್ಮನ ಮುಖ ಸಪ್ಪಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡು ಬಸ್ ಸ್ಟಾಂಡಿನಲ್ಲಿ ಮಜ್ಜಿಗೆ ಕೊಡಿಸಿದೆ. ಅರ್ಧ ಕುಡಿದು ಬಿಟ್ಟಳು.

ಮನೆಗೆ ಬಂದು ಮಗಳಿಗೆ ಫೋನು ಮಾಡಿ ಸಾಕ್ಷಿ ಸಮೇತ ವರದಿ ಒಪ್ಪಿಸಿದೆ. ಅವಳು ಆಗಲೇ ಆರ್ಡರ್ ಮಾಡಿಬಿಟ್ಟಿದ್ದಳು, ಸೀರೆ ದಾರಿಯಲ್ಲಿತ್ತು.

“ಫೋಟೋ ಅಂದ್ರೆ ಎಲ್ರೂ ಹಂಗೇ ಮಾಡ್ತಾರಮ್ಮ. ನೂಲು ನಿಜವಾದ್ದೇ ಇರಬಹುದಲ್ವಾ? ಬರ್ಲಿ ನೋಡಣ. ಸರಿಯಿಲ್ಲ ಅಂದ್ರೆ ವಾಪಸ್ ಮಾಡಿದ್ರಾಯ್ತು,” ಅಂದಳು. ಅವಳ ದನಿ ಸ್ವಲ್ಪ ಇಳಿದಿತ್ತು. ವಾಪಸು ಮಾಡುವ ಅವಕಾಶವಿದೆ ಅಂತ ಕೇಳಿ ನನಗೂ ಸಮಾಧಾನವಾಯಿತು.

ಪಾರ್ಸಲ್ ಬಂದದ್ದು ಒಂದು ಶುಕ್ರವಾರ, ನಾನು ಸ್ಕೂಲಿನಿಂದ ಬಂದು ಮುಖ ತೊಳೆಯುತ್ತಿದ್ದಾಗ. ಕಳಿಸಿದವರ ವಿಳಾಸ ಬೆಂಗಳೂರಿನ ಹೊರಗಿನ ಯಾವುದೋ ಗೋದಾಮಿನದು. ಬೆಟ್ಟ, ಹಕ್ಕಿ ಏನೂ ಇರಲಿಲ್ಲ. ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಅಡುಗೆಮನೆಯಿಂದ ಕೂದಲು ಸುಟ್ಟ ವಾಸನೆ ಬಂತು.

ಅಮ್ಮ ಒಲೆಯ ಮುಂದೆ ನಿಂತಿದ್ದಳು. ಸೀರೆ ಅವಳ ತೋಳಿನ ಮೇಲಿತ್ತು. ಎರಡು ಬೆರಳಿನ ನಡುವೆ ಬೂದಿ ಉಜ್ಜಿ ನನಗೆ ತೋರಿಸಿದಳು.

“ಅಪ್ಪಟ ರೇಷ್ಮೆ ಕಣೇ. ಮೋಸ ಇಲ್ಲ.”

ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಪಾಪ, ಅವಳ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ. ನಾನು ಸೀರೆ ಮುಟ್ಟಿದೆ, ಅವಳೂ ಇನ್ನೊಮ್ಮೆ ಸವರಿದಳು. ನೀರಿನ ಹಾಗೆ ಜಾರುತ್ತಿತ್ತು. ಎಲ್ಲೂ ಒಂದು ಗಂಟಿಲ್ಲ, ತರಿಯಿಲ್ಲ. ಕೊರೆದ ಗೂಡಿನ ನೂಲು ಹೀಗೆ ಬರುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತು. ಇದು ಕುದಿನೀರಿನಿಂದ ಎದ್ದು ಬಂದ ಎಳೆ. ನಮ್ಮೂರಿನದೇ ಇದ್ದರೂ ಇರಬಹುದು. ಮೋಸ ಇಲ್ಲದಿದ್ದದ್ದೇ ಮೋಸವಾಗಿತ್ತು.

ಪಾರ್ಸಲಿನ ಒಳಗೊಂದು ಚೀಟಿಯಿತ್ತು. ಇಷ್ಟವಾಗದಿದ್ದರೆ ವಾಪಸು ಪಡೆಯುತ್ತೇವೆ, ಆದರೆ ಎಳೆ ಕಿತ್ತಿದ್ದರೆ, ಉಟ್ಟಿದ್ದರೆ, ಒಗೆದಿದ್ದರೆ ಪಡೆಯುವುದಿಲ್ಲ. ನಾನು ಓದಿ ಹೇಳಿದೆ. ಅಮ್ಮ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.

“ಕೈ ತಾನಾಗೇ ಹೋಯ್ತಲ್ಲೇ,” ಅಂದಳು.

ನಾನು ಬೈಯಲಿಲ್ಲ. ಪಾರ್ಸಲ್ ನಾನೇ ಬಿಚ್ಚಿದ್ದರೂ ನನ್ನ ಕೈಯೂ ಅಲ್ಲಿಗೇ ಹೋಗುತ್ತಿತ್ತು.

ಶನಿವಾರ ಸಂಜೆ ಮಗಳು ಬಂದಳು. ಬ್ಯಾಗು ಇಳಿಸುವ ಮೊದಲೇ ಸೀರೆ ಬಿಡಿಸಿ ಭುಜದ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಅವಳಿಗೆ ತುಂಬಾ ಒಪ್ಪುತ್ತಿತ್ತು. ಹೇಳುವುದನ್ನು ಊಟ ಆದಮೇಲೆ ಹೇಳೋಣ ಅಂತ ನಾನು ಸನ್ನೆ ಮಾಡುತ್ತಿದ್ದೆ, ಅಮ್ಮ ನನ್ನ ಕಡೆ ನೋಡಲಿಲ್ಲ.

“ಒಂದೆಳೆ ಎಳೆದ್ಬಿಟ್ಟೆ ಕಣಮ್ಮ. ಇನ್ನು ವಾಪಸ್ ತಗೊಳ್ಳಲ್ವಂತೆ. ಇದು ಬೇಯ್ಸಿ ತೆಗೆದಿದ್ದೇ. ನಾನು ತೆಗೀತಿದ್ದಂಥದ್ದೇ.”

ಮಗಳು ಸೀರೆಯನ್ನು ಭುಜದಿಂದ ತೆಗೆದು ಮಂಚದ ಮೇಲಿಟ್ಟಳು. ಬಂದು ಅಜ್ಜಿಯ ಕಾಲ ಹತ್ತಿರ ನೆಲದ ಮೇಲೆ ಕೂತಳು.

“ನಿಂಗೆ ಬೇಜಾರಾಗ್ಲಿ ಅಂತ ನಾನು ರೇಷ್ಮೆ ಬಿಟ್ಟಿದ್ದಲ್ಲ ಅಜ್ಜಿ. ನಿನ್ ಕೆಲ್ಸದ್ ಬಗ್ಗೆ ನಾನು ಯಾವತ್ತೂ ಹಂಗೆ ಅಂದ್ಕೊಂಡಿಲ್ಲ. ನಂಗೇ ಯಾಕೋ ಅನ್ಸೋಕೆ ಶುರುವಾಯ್ತು, ಅಷ್ಟೇ.”

“ನಿಂಗೊಬ್ಳಿಗೇ ಅನ್ಸಿದ್ದು ಅನ್ಕೊಂಡ್ಯಾ?” ಅಂದಳು ಅಮ್ಮ.

ಆಮೇಲೆ ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಇದ್ದಾಗ ಪ್ರತಿ ಭಾನುವಾರ ಸಂಜೆ ನಾವೆಲ್ಲ ಬುದ್ಧನ ಪಟದ ಮುಂದೆ ಸಾಲಾಗಿ ನಿಂತು ಪಂಚಶೀಲ ಹೇಳುತ್ತಿದ್ದೆವು. ಜೀವ ತೆಗೆಯುವುದಿಲ್ಲ ಎಂಬುದು ಮೊದಲನೆಯದು, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಎರಡನೆಯದು, ಹೀಗೆ ಐದು.

“ನಾನು ಮೊದಲ್ನೇದು ಹೇಳ್ತಾನೇ ಇರ್ಲಿಲ್ಲ,” ಅಂದಳು ಅಮ್ಮ. “ಬೆಳಗಾದ್ರೆ ಗೂಡು ಬೇಯ್ಸೋಕೆ ಹೋಗ್ಬೇಕು, ಜೀವ ತೆಗೆಯಲ್ಲ ಅಂತ ಹೆಂಗೆ ಹೇಳೋದು? ಸುಳ್ಳು ಹೇಳಲ್ಲ ಅನ್ನೋದೂ ಆ ಐದರಲ್ಲೇ ಇದೆಯಲ್ಲಮ್ಮ. ಅದಕ್ಕೇ ಬಾಯಿ ಮುಚ್ಕೊಂಡು ನಿಂತಿದ್ದು ಎರಡನೇದ್ರಿಂದ ಸೇರ್ಕೋತಿದ್ದೆ. ನಿಮ್ಮ ತಾತಂಗೂ ಗೊತ್ತಿರ್ಲಿಲ್ಲ.”

“ಕೆಲ್ಸ ಬಿಟ್ಟ ಮೇಲೆ?”

“ಬಾಯಿಗೆ ಬರ್ಲಿಲ್ಲ. ಹುಳ ಸಾಯ್ದೆ ತೆಗೀತಾರೆ ಅಂತ ನೀನು ಓದಿದ್ಯಲ್ಲ, ಹಂಗೂ ತೆಗೀಬಹುದಿತ್ತೇನೋ, ನಾವೇ ತಿಳ್ಕೊಳ್ಳಿಲ್ವೇನೋ ಅಂತ ಹೊಟ್ಟೆ ಉರೀತು. ನಿಜವಾಗ್ಲೂ ಯಾರಾದ್ರೂ ಮಾಡ್ತಿದ್ರೆ ಕಣ್ಣಾರೆ ನೋಡಣ ಅಂತ್ಲೇ ನಿಮ್ಮಮ್ಮನ ಜೊತೆ ಹೋಗಿದ್ದು. ಅಲ್ಲಿ ನೋಡಿದ್ರೆ ಪಾಪ, ಅವಳು ಹೂವು ಕಟ್ತಿದ್ಲು.”

ನನಗೆ ಅಳು ಬಂತು. ಅಷ್ಟು ವರ್ಷ ಅವಳ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಹೇಳುತ್ತಿದ್ದವಳು ನಾನು. ನನ್ನ ಗಟ್ಟಿ ದನಿಯ ಪಕ್ಕ ಅವಳ ದನಿ ಇಲ್ಲ ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಮಗಳು ಅಜ್ಜಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಆ ರಾತ್ರಿ ಸೀರೆಯ ಮಾತು ಬರಲಿಲ್ಲ.

ಬೆಳಿಗ್ಗೆ ತಿಂಡಿ ತಿನ್ನುವಾಗ ಮಗಳು ಅಂದಳು: “ಅಜ್ಜಿ, ನೆರಿಗೆ ನೀನೇ ಹಿಡೀಬೇಕು.”

“ಯಾವ ಸೀರೇಗೆ?”

“ಇದಕ್ಕೇ. ಪೆಟ್ಟಿಗೇಲಿಟ್ರೆ ಸತ್ತ ಹುಳ ಎದ್ದು ಬರಲ್ವಲ್ಲ. ಆದ್ರೆ ಅಹಿಂಸಾ ರೇಷ್ಮೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ.”

ಹೇಳುವ ಪ್ರಮೇಯ ಬರಲಿಲ್ಲ. ಶಿಡ್ಲಘಟ್ಟದ ನೆಂಟರು ಸೀರೆ ಸವರಿ ನೋಡಿ, ನಮ್ಮ ಕಡೆಯದೇ ನೂಲು, ಒಳ್ಳೆಯ ಮಾಲು ಅಂತ ತಾವೇ ತೀರ್ಮಾನ ಮಾಡಿಕೊಂಡರು. ಮಗಳು ಆ ಪೇಜಿನಲ್ಲಿ ನಡೆದದ್ದನ್ನೆಲ್ಲ ಬರೆದು ಒಂದೇ ಸ್ಟಾರ್ ಕೊಟ್ಟಿದ್ದಳು. ಅದು ಪರಿಶೀಲನೆಯಲ್ಲಿದೆ ಅಂತ ಈಗಲೂ ತೋರಿಸುತ್ತದೆ.

ಮದುವೆಯ ದಿನ ಅಮ್ಮ ನೆರಿಗೆ ಹಿಡಿದಳು, ಒಂದೇ ಅಳತೆಯಲ್ಲಿ, ಎಲ್ಲೂ ಪಿನ್ನು ಬೇಕಾಗಲಿಲ್ಲ. ಮಗಳು ವೇದಿಕೆಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮದುವೆ ನಡೆಸಿಕೊಡುವ ಬೌದ್ಧ ಭಿಕ್ಷು ಭಂತೇಜಿ ಒಂದೊಂದೇ ಶೀಲ ಹೇಳಿಕೊಡುತ್ತಾರೆ, ಎಲ್ಲರೂ ಕೈಮುಗಿದು ಹಾಗೇ ಹೇಳಬೇಕು. ಮೊದಲನೆಯದನ್ನು ಹೇಳಿಕೊಟ್ಟರು. ಚೌಲ್ಟ್ರಿ ತುಂಬ ಜನ ಹೇಳಿದರು, ಅಭ್ಯಾಸಬಲದಿಂದ ನಾನೂ ಶುರುಮಾಡಿದವಳು ವೇದಿಕೆ ನೋಡಿ ಅರ್ಧಕ್ಕೇ ನಿಲ್ಲಿಸಿದೆ. ಬಿಳಿ ರೇಷ್ಮೆ ಉಟ್ಟ ನನ್ನ ಮಗಳು ತುಟಿ ಬಿಚ್ಚದೆ ನಿಂತಿದ್ದಳು. ಅವಳ ಅಜ್ಜಿಯೂ ಹಾಗೇ ನಿಂತಿದ್ದಳು. ನನ್ನ ಪಕ್ಕದಲ್ಲಿದ್ದ ಗಂಡಿನ ಕಡೆಯ ಹೆಂಗಸು, ಹುಡುಗಿಗೆ ನಾಚಿಕೆ ಜಾಸ್ತಿ ಅಂದರು. ನಾನು ಹೌದು ಅಂದೆ.

ಎರಡನೆಯದನ್ನು ಅವರಿಬ್ಬರೂ ಒಟ್ಟಿಗೆ ಹೇಳಿದರು.